ಹನ್ನೆರಡು ಮೈಲಿಯ ಆಚೆ

ತೋಟದ ಲೆಕ್ಕ ನೋಡುವ ರೈಟರ್ ಪ್ರಸಾದ್ ಕಾಗದ ತಂದಾಗ ಸಿದ್ದರಾಜು ಮೂರು ಬೆರಳಲ್ಲಿ ಕಾಫಿ ಕೀಳುತ್ತಿದ್ದ.

ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಬುಡದಿಂದಲೇ ಇರಲಿಲ್ಲ. ಮೊದಲೆಲ್ಲ ರೆಂಬೆ ಬಾಗಿಸಿಕೊಂಡು ಒಮ್ಮೆ ಕೈ ಎಳೆದರೆ ಹಣ್ಣೆಲ್ಲ ಸೊಂಟದ ಚೀಲಕ್ಕೆ ಬೀಳುತ್ತಿತ್ತು. ಈಗ ಅರ್ಧ ಚೀಲಕ್ಕೆ, ಅರ್ಧ ನೆಲಕ್ಕೆ. ನೆಲಕ್ಕೆ ಬಿದ್ದದ್ದನ್ನು ಕುಕ್ಕರುಗಾಲಲ್ಲಿ ಕೂತು ತರಗೆಲೆಯ ನಡುವಿಂದ ಒಂದೊಂದಾಗಿ ಹೆಕ್ಕಬೇಕು. ಇರುವೆ ಕಚ್ಚಿದರೆ ಉಜ್ಜಿಕೊಳ್ಳಲೂ ಹೊತ್ತಿಲ್ಲ. ಪಕ್ಕದ ಸಾಲಿನಲ್ಲಿ ಹೆಂಡತಿ ಚಿಕ್ಕತಾಯಿ ತನ್ನ ಗಿಡ ಮುಗಿಸಿ ಅವನ ಗಿಡಕ್ಕೂ ಬಂದು ಕೈ ಹಾಕುತ್ತಿದ್ದಳು. ರೈಟರ್ ಕಂಡರೆ ಸರಿದು ನಿಲ್ಲುತ್ತಿದ್ದಳು.

"ಶನಿವಾರ ಸಾಯಂಕಾಲ ಬಂಗಲೆ ಹತ್ರ ಬಾ" ಎಂದ ಪ್ರಸಾದ್. "ಸಾಹುಕಾರ್ರು ಬರ್ತಾರೆ, ಲಾಯರ್ ಕರ್ಕೊಂಡು. ಆಧಾರ್ ಕಾರ್ಡ್ ತಗೊಂಬಾ. ಒಂದು ಸಹಿ, ಅಷ್ಟೆ."

"ಯಾತಕ್ಕೆ ಸಾರ್ ಸಹಿ?"

"ಬೋಟಿನ ವಿಷಯ. ತಗೋ, ಇದು ನಕಲು. ಆಮೇಲೆ ಗೊತ್ತಿರ್ಲಿಲ್ಲ ಅನ್ಬೇಡ."

ನಕಲು ಕೊಟ್ಟದ್ದು ಓದಲಿ ಎಂದಲ್ಲ. ಲೈನ್ ಮನೆಯ ಕೂಲಿಗಳು ಓದುವುದಿಲ್ಲ ಎಂಬ ಧೈರ್ಯದಿಂದ. ಸಿದ್ದರಾಜು ಏಳನೇ ಕ್ಲಾಸಿನವರೆಗೆ ಓದಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಸಿಲ್ವರ್ ಮರದ ಬುಡಕ್ಕೆ ಒರಗಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ.

ತಾಂಡೇಲ ಶೀನ ಖಾರ್ವಿ ಮತ್ತು ಅವನ ಕೈಕೆಳಗಿನ ಕಲಾಸಿಗಳು ಮಾಲೀಕರ ಸ್ಪಷ್ಟ ಆದೇಶವನ್ನು ಮೀರಿ, ಸ್ವಂತ ಲಾಭದ ಆಸೆಗೆ ಬಿದ್ದು, ದೋಣಿಯನ್ನು ಪರದೇಶದ ದಡದಿಂದ ಒಂಬತ್ತು ಮೈಲಿ ಸಮೀಪಕ್ಕೆ ಒಯ್ದರು. ದೋಣಿ ಎಲ್ಲಿದೆಯೆಂದು ತಿಳಿಸುವ ಯಂತ್ರವನ್ನು ತಾವೇ ನಿಲ್ಲಿಸಿದರು. ಇದು ನಾನು ಕಣ್ಣಾರೆ ಕಂಡ ಸತ್ಯ.

ಕೆಳಗೆ ಅವನ ಹೆಸರು. ಹೆಸರಿನ ಮುಂದೆ ಒಂದು ಗೆರೆ.

ಸಿದ್ದರಾಜು ಮತ್ತೆ ಓದಿದ. ಒಂಬತ್ತು ಎಂಬಲ್ಲಿ ಬೆರಳಿಟ್ಟ.

"ಸುಳ್ಳು" ಎಂದ.

"ಯಾವ್ದು?" ಎಂದಳು ಚಿಕ್ಕತಾಯಿ.

"ಒಂಬತ್ತಲ್ಲ ಅದು. ಇಪ್ಪತ್ತೊಂದು."

ಅವಳಿಗೆ ಅರ್ಥವಾಗಲಿಲ್ಲ. ಆ ಎರಡು ಅಂಕಿಯ ನಡುವೆ ಎಂಥ ವ್ಯತ್ಯಾಸವಿದೆಯೆಂದು ಆಗ ಅವನಿಗೂ ಪೂರ್ತಿ ಗೊತ್ತಿರಲಿಲ್ಲ. ಸುಳ್ಳು ಎನ್ನುವುದಷ್ಟೇ ಗೊತ್ತಿತ್ತು.

ಸಿದ್ದರಾಜುವಿನ ಅಜ್ಜ ಹಾಸನದ ಕಡೆಯಿಂದ ಶನಿವಾರಸಂತೆ ಸೀಮೆಗೆ ಕೂಲಿಗೆ ಬಂದವನು. ಅಜ್ಜ ಸತ್ತದ್ದು ಲೈನ್ ಮನೆಯಲ್ಲಿ. ಅಪ್ಪ ಸತ್ತದ್ದೂ ಅದೇ ಕೋಣೆಯಲ್ಲಿ. ಮೂರು ತಲೆಮಾರು ಇದ್ದ ಮನೆಗೆ ಒಂದು ಚೂರು ಕಾಗದವಿಲ್ಲ. ತೋಟದಲ್ಲಿ ಕೆಲಸ ಇರುವವರೆಗೆ ಮನೆ. ಸಾಹುಕಾರರಿಗೆ ತೋಟ ಒಂದೇ ಅಲ್ಲ, ಮೆಣಸು ಕಾಫಿಯ ವ್ಯಾಪಾರ ಇತ್ತು. ಕರಾವಳಿಯಲ್ಲಿ ಭಾಮೈದನ ಜೊತೆ ಸೇರಿ ಎರಡು ದೊಡ್ಡ ಬೋಟು ಬಿಟ್ಟಿದ್ದರು. ಬೋಟಿಗೆ ಅಲ್ಲಿನ ಹುಡುಗರು ಬರುತ್ತಿರಲಿಲ್ಲ. ಬಂದವರು ಒಂದು ಸಲ ಹೋಗಿ ಬಂದು ಓಡಿಹೋಗುತ್ತಿದ್ದರು. ಹೋದ ಶ್ರಾವಣದಲ್ಲಿ ಪ್ರಸಾದ್ ಲೈನಿನ ಮುಂದೆ ನಿಂತು ಹೇಳಿದ್ದ, "ತೋಟದಲ್ಲಿ ಈಗ ಕೆಲಸ ಇಲ್ಲ. ಮನೆ ಉಳಿಸ್ಕೋಬೇಕು ಅಂದ್ರೆ ಗಟ್ಟಿ ಆಳುಗಳು ಬೋಟಿಗೆ ಹೋಗಿ. ಪಿಕ್ಕಿಂಗ್ ಹೊತ್ತಿಗೆ ವಾಪಸ್."

ಸಿದ್ದರಾಜು ಹೋದ. ಪಕ್ಕದ ಮನೆಯ ಮಾದ ಹೋದ. ಮಾದನಿಗೆ ಇಪ್ಪತ್ತನಾಲ್ಕು. ಹೇಮಾವತಿ ಹಿನ್ನೀರಿನಲ್ಲಿ ಗಾಳ ಹಾಕಿ ಕೂರುವುದು ಅವನಿಗೆ ಇಷ್ಟ. ಕಡಲೂ ಅದೇ ನೀರಲ್ವಾ ಎಂದಿದ್ದ.

ಅದು ಅದೇ ನೀರಾಗಿರಲಿಲ್ಲ. ಮೊದಲ ಐದು ದಿನ ಮಾದ ಹೊಟ್ಟೆಯೊಳಗಿನದನ್ನೆಲ್ಲ ಕಾರಿದ. ಕಾರುತ್ತಲೇ ಹಗ್ಗ ಎಳೆದ. ಎರಡು ಬೋಟುಗಳು ಅಕ್ಕಪಕ್ಕ ಓಡುತ್ತವೆ. ನಡುವೆ ಒಂದೇ ಬಲೆ. ಬಲೆಯ ಬಾಯಿ ಅವರ ಇಡೀ ಲೈನನ್ನು ನುಂಗುವಷ್ಟು ದೊಡ್ಡದು. ಹಾದಿಯಲ್ಲಿ ಸಿಕ್ಕಿದ್ದೆಲ್ಲ ಒಳಗೆ. ದೊಡ್ಡದು, ಸಣ್ಣದು, ಮೊಟ್ಟೆ ಹೊತ್ತದ್ದು, ಉಗುರಿನಷ್ಟೇ ಇರುವ ಮರಿ. ಎಳೆದು ಸುರಿದರೆ ಮೊಣಕಾಲವರೆಗೆ ಮೀನು. ಮಾರುವುದನ್ನು ಆರಿಸಿ ಐಸಿಗೆ ಹಾಕು. ಮರಿಯನ್ನು ಬೇರೆ ರಾಶಿ ಮಾಡು, ಅದು ಮೀನಿನ ಪುಡಿ ಮಾಡುವ ಕಾರ್ಖಾನೆಗೆ. ಉಳಿದದ್ದನ್ನು ಸಲಿಕೆಯಲ್ಲಿ ಬಾಚಿ ಕಡಲಿಗೆ ಎಸೆ. ಎಸೆದದ್ದೆಲ್ಲ ಸತ್ತದ್ದೇ. ಒಂದು ಸಲ ಸಲಿಕೆಗೆ ಆಮೆ ಬಂತು. ಕತ್ತು ಜೋಲುಬಿದ್ದಿತ್ತು. ಉಪ್ಪುನೀರಿಗೆ ಅಂಗೈ ಒಡೆದು, ಒಡೆದಲ್ಲಿ ಮೀನಿನ ಮುಳ್ಳು ಹೊಕ್ಕು, ಕೈ ಬಾತು ಚಪಾತಿ ಹಿಟ್ಟಿನ ಹಾಗೆ ಆಯಿತು. ಒಟ್ಟಿಗೆ ಮೂರು ತಾಸು ಮಲಗಿದ ನೆನಪು ಸಿದ್ದರಾಜುವಿಗೆ ಇಲ್ಲ.

"ಮರೀನೆಲ್ಲ ಹಿಡುದ್ರೆ ಮುಂದ್ಲ ವರ್ಷಕ್ಕೆ ಏನುಳೀತದೆ ಶೀನಣ್ಣ?" ಎಂದು ಒಮ್ಮೆ ಕೇಳಿದ್ದ.

ಶೀನ ಖಾರ್ವಿಗೆ ಅರವತ್ತು ದಾಟಿತ್ತು. ಬೋಟು ನಡೆಸುವ ತಾಂಡೇಲ ಅವನೇ. "ನಮ್ಮ ಕಡಲು ಹೀಂಗೇ ಖಾಲಿ ಆದ್ದು ಮಾರಾಯ" ಎಂದ. "ಈ ಜೋಡಿ ಬಲೆ ನಮ್ಮ ದೇಶದಲ್ಲೇ ಬಂದ್ ಮಾಡಿದ್ದಾರೆ. ಯಾರು ಕೇಳ್ತಾರೆ? ಇಲ್ಲಿ ಮುಗೀತು. ಈಗ ಬೇರೆಯವರ ಕಡಲಿಗೆ ಹೋಪ್ದು."

ಎಂಟನೇ ದಿನ ಬೆಳಿಗ್ಗೆ ಕಡಲಿನ ನಡುವೆಯೂ ಸಿಗುವ ದಪ್ಪ ಫೋನು ಬಡಿದುಕೊಂಡಿತು. ಮಾತಾಡಿದ್ದು ಸಾಹುಕಾರರು. ಶೀನಣ್ಣ ಬೇಡ ಧಣಿ, ಬೇಡ ಧಣಿ ಎಂದ. ಕೊನೆಗೆ ಆಗ್ಲಿ ಧಣಿ ಎಂದ. ಫೋನು ಇಟ್ಟು, ಹತ್ತಿರ ನಿಂತಿದ್ದ ಸಿದ್ದರಾಜುವಿಗೆ, "ಆ ಬಿಳಿ ಪೆಟ್ಟಿಗೆಯ ವೈರ್ ಕೀಳು" ಎಂದ. ಸಿದ್ದರಾಜು ಕಿತ್ತ. ಅದು ಬೋಟು ಎಲ್ಲಿದೆ ಎಂದು ದಡಕ್ಕೆ ಹೇಳುವ ಪೆಟ್ಟಿಗೆ ಎಂದು ಕಿತ್ತ ಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಅವನು ವಾಪಸ್ ಸಿಕ್ಕಿಸಲಿಲ್ಲ.

ಬೋಟುಗಳು ದಕ್ಷಿಣಕ್ಕೆ ತಿರುಗಿದವು. ಅಲ್ಲೊಂದು ದ್ವೀಪ ದೇಶ. ಅದರ ಕಡಲಿನಲ್ಲಿ ನೀರಡಿ ಒಂದು ದಿಬ್ಬ. ಮೀನು ಮರಿ ಹಾಕಲು ಅಲ್ಲಿಗೆ ಬರುತ್ತದೆ. ಶೀನಣ್ಣ ಸಣ್ಣ ಪರದೆಯ ಮುಂದೆ ಸಿದ್ದರಾಜುವನ್ನು ಕೂರಿಸಿ ಒಂದು ಅಂಕಿ ತೋರಿಸಿದ. "ಇದು ಆ ದಡಕ್ಕೆ ಎಷ್ಟು ಮೈಲಿ ಅಂತ. ಹದಿನೈದಕ್ಕೆ ಇಳಿದ್ರೆ ಕೂಗು. ಹನ್ನೆರಡರ ಒಳಗೆ ನಾನು ಸತ್ತರೂ ಹೋಗುದಿಲ್ಲ." ಸಿದ್ದರಾಜು ಕಣ್ಣು ಕೀಳದೆ ನೋಡಿದ. ಇಪ್ಪತ್ತಾರು. ಇಪ್ಪತ್ತಮೂರು. ಇಪ್ಪತ್ತೊಂದಕ್ಕೆ ಬಂದಾಗ ಬಲೆ ಇಳಿಸಿದರು.

ಅದನ್ನು ಎತ್ತುವಷ್ಟರಲ್ಲಿ ಆ ದೇಶದ ಕಾವಲು ಹಡಗು ಬಂತು. ಜೊತೆಯ ಬೋಟಿನಲ್ಲಿ ಸಾಹುಕಾರರ ಭಾಮೈದ ಇದ್ದ. ಅವನು ತನ್ನ ಕಡೆಯ ಹಗ್ಗ ಕಡಿಸಿ ಓಡಿದ. ಕಡಿದ ಹಗ್ಗ ಹಾವಿನ ಹಾಗೆ ಹಾರಿ ಬಂದು ಸಿದ್ದರಾಜುವಿನ ಕೈಯನ್ನು ಯಂತ್ರದ ಉರುಳೆಗೆ ಸುತ್ತಿತು. ಬೆರಳು ಹೋದದ್ದು ಅವನಿಗೆ ತಿಳಿಯಲಿಲ್ಲ. ಮಾದ ಕಿರುಚಿದ್ದರಿಂದ ತಿಳಿಯಿತು.

ಬಂದರಿನಲ್ಲಿ ಇಳಿಸುವಾಗ ಜನ ಸೇರಿದ್ದರು. ಯಾರೂ ಹೊಡೆಯಲಿಲ್ಲ. ಒಬ್ಬ ಮುದುಕ ಬೋಟಿಗೆ ಹತ್ತಿ ಬಂದ. ಅವನ ಕೈಯಲ್ಲಿ ಉದ್ದನೆಯ ಗಾಳದ ಕೋಲು. ಅಲ್ಲಿಯವರು ಹಾಗೇ ಹಿಡಿಯುವುದಂತೆ, ಒಂದು ಕೋಲಿಗೆ ಒಂದು ಮೀನು. ಅವನು ಮರಿಗಳ ರಾಶಿಯ ಮುಂದೆ ಕೂತ. ಒಂದನ್ನು ಎತ್ತಿದ. ಸಿದ್ದರಾಜುವಿನ ಹತ್ತಿರ ಬಂದು, ಬಟ್ಟೆ ಸುತ್ತಿರದ ಎಡಗೈಯನ್ನು ಬಿಡಿಸಿ, ಆ ಮರಿಯನ್ನು ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿದ. ಇಳಿದು ಹೋದ. ಬೆರಳು ಹೋದಾಗ ಅಳದಿದ್ದ ಸಿದ್ದರಾಜು ಆಗ ಅತ್ತ.

ಎಂಟು ಜನರನ್ನು ಜೈಲಿಗೆ ಹಾಕಿದರು. ಸಿದ್ದರಾಜುವಿನ ಗಾಯ ಕೊಳೆಯಿತು. ತಮ್ಮ ಜೈಲಿನಲ್ಲಿ ಸಾಯುವುದು ಬೇಡವೆಂದು ಹನ್ನೊಂದು ವಾರಕ್ಕೆ ಅವನೊಬ್ಬನನ್ನು ಊರಿಗೆ ಕಳಿಸಿದರು. ಏಳು ಜನ ಅಲ್ಲೇ ಉಳಿದರು. ಮಾದ ಅಲ್ಲೇ ಉಳಿದ.

ನಕಲು ಬಂದ ದಿನವೇ ಸಾಯಂಕಾಲ ಮಾದನ ತಾಯಿ ಸಿದ್ದಮ್ಮ ಬಂದಳು. ಬಾಗಿಲಲ್ಲಿ ನಿಂತು ಒಳಗೆ ಬರಲಿಲ್ಲ.

"ಸಹಿ ಹಾಕ್ಬುಡು ರಾಜ" ಎಂದಳು. "ನೀನು ಸಹಿ ಹಾಕುದ್ರೆ ಲಾಯರ್ ಮಡಗಿ ಮಾದನ್ನ ಕರ್ಕಂಬತ್ತೀವಿ ಅಂತ ರೈಟರು ಹೇಳವ್ರೆ."

"ದೊಡ್ಡವ್ವ, ಅದ್ರಲ್ಲಿ ಮಾದನೂ ಸೇರ್ಕಂಡು ತಪ್ಪು ಮಾಡ್ದ ಅಂತ ಬರ್ದವ್ರೆ."

"ಬರ್ಕಳ್ಳಿ. ತಪ್ಪೋ ನೆಪ್ಪೋ, ನನ್ನ ಮಗ ಬಂದ್ರೆ ಸಾಕು."

"ಆ ಕಾಗದದಿಂದ ಬರಲ್ಲ ಅವ್ನು."

ಸಿದ್ದಮ್ಮ ಅವನ ಕೈ ನೋಡಿದಳು. "ಎಲ್ಡು ಬೆರಳು ಕೊಟ್ಟು ನೀನು ಬಂದೆ" ಎಂದಳು. "ನನ್ನ ಮಗಂದು ಹತ್ತೂ ಅವೆ. ಅದ್ಕೇ ಬಿಡ್ಲಿಲ್ಲ." ತಿರುಗಿ ಹೋದಳು. ಚಿಕ್ಕತಾಯಿ ಒಲೆಗೆ ಸೌದೆ ನೂಕುತ್ತ ಕೂತಿದ್ದಳು. "ಮನೆ ಬುಡ್ಸ್ತಾರೆ" ಎಂದಳು. ಕೇಳಿದ್ದಲ್ಲ. ಹೇಳಿದ್ದು.

ಶನಿವಾರ ಸಂತೆ. ಸಾಯಂಕಾಲದ ಬಂಗಲೆಗೆ ಮುಂಚೆ ಉಪ್ಪು, ಕಾರದಪುಡಿ ತರಲು ಇಬ್ಬರೂ ಹೋಗಿದ್ದರು. ಒಣಮೀನಿನವರ ಸಾಲಿನ ಹತ್ತಿರ ಒಬ್ಬಳು ಹುಡುಗಿ ಅವರನ್ನು ತಡೆದಳು. ಇಪ್ಪತ್ತೈದರ ಆಸುಪಾಸು. ಹೆಗಲಲ್ಲಿ ಚೀಲ. ಅವಳು ಮುಖಕ್ಕಿಂತ ಮೊದಲು ಸಿದ್ದರಾಜುವಿನ ಬಲಗೈ ನೋಡಿದಳು.

"ನೀವು ಸಿದ್ದರಾಜಣ್ಣ ಅಲ್ವಾ? ನಾನು ಶೀನ ಖಾರ್ವಿ ಮಗಳು, ಮೋನಿಷಾ. ನಿನ್ನೆ ಬಸ್ಸು ಹತ್ತಿದ್ದು. ತೋಟದೊಳಗೆ ಬಿಡ್ಲಿಲ್ಲ. ಸಂತೆಗೆ ಬಂದೇ ಬರ್ತಾರೆ ಅಂತ ಗೇಟಲ್ಲಿ ಯಾರೋ ಹೇಳಿದ್ರು."

ಮೂವರೂ ಸಂತೆಮಾಳದ ಹಿಂದಿನ ಕಟ್ಟೆಯ ಮೇಲೆ ಕೂತರು. ಮೋನಿಷಾ ಬಂದರಿನ ಶೆಡ್ಡಿನಲ್ಲಿ ಮೀನು ಸೀಳುವ ಕೆಲಸದವಳು. ಅಂಗೈ ತುಂಬ ಗೀರು. ಮೀನುಗಾರರ ಸಂಘದ ವಕೀಲರು ಕೊಟ್ಟ ಒಂದು ಹಾಳೆಯನ್ನು ಚೀಲದಿಂದ ತೆಗೆದಳು. ಅದನ್ನು ಎಷ್ಟು ಸಲ ಮಡಿಚಿ ಬಿಡಿಸಿದ್ದಳೋ, ನಡುವೆ ಹರಿದಿತ್ತು.

"ಎಲ್ಲ ದೇಶಗಳೂ ಸೇರಿ ಕಡಲಿಗೆ ಅಂತ ಒಂದು ಕಾನೂನು ಮಾಡಿದ್ದಾರೆ ಅಣ್ಣ. ದಡದಿಂದ ಹನ್ನೆರಡು ಮೈಲಿ ಆ ದೇಶದ ನೆಲದ ಹಾಗೇ ಲೆಕ್ಕ. ಒಳಗೆ ಸಿಕ್ಕಿದ್ರೆ ಜೈಲಿಗೆ ಹಾಕ್ಬಹುದು. ಹನ್ನೆರಡರ ಆಚೆ ಇನ್ನೂರರ ತನಕ ಮೀನು ಮಾತ್ರ ಅವರದ್ದು. ಅಲ್ಲಿ ಕದ್ದರೆ ದಂಡ ಹಾಕ್ಬಹುದು, ಬೋಟು ಹಿಡೀಬಹುದು. ಜೈಲು ಇಲ್ಲ. ಎಪ್ಪತ್ತಮೂರನೇ ವಿಧಿ. ಜಾಮೀನು ಕಟ್ಟಿದ ಕೂಡ್ಲೆ ಜನರನ್ನೂ ಬೋಟನ್ನೂ ಬಿಡ್ಬೇಕು ಅಂತ ಉಂಟು."

"ಮತ್ಯಾಕೆ ಬಿಟ್ಟಿಲ್ಲ?"

"ಕಾವಲು ಹಡಗಿನವರು ಹನ್ನೆರಡರ ಒಳಗೆ ಸಿಕ್ಕಿದ್ದು ಅಂತಾರೆ. ಅಪ್ಪ ಆಚೆ ಅಂತಾರೆ. ಬೋಟಿನ ಪೆಟ್ಟಿಗೆ ಆಫ್ ಆಗಿತ್ತು, ಸಾಕ್ಷಿ ಇಲ್ಲ."

ಸಿದ್ದರಾಜು ಜೇಬಿನಿಂದ ನಕಲು ತೆಗೆದು ಕೊಟ್ಟ. ಮೋನಿಷಾ ಓದಿದಳು. ಒಂಬತ್ತು ಎಂಬಲ್ಲಿ ಅವಳ ಕಣ್ಣೂ ನಿಂತಿತು.

"ಇದಕ್ಕೆ ನೀವು ಸಹಿ ಹಾಕಿದ್ರೆ ಏಳು ಜನರನ್ನೂ ಒಳಗೆ ಹಾಕಿ ಬೀಗ ಹಾಕಿದ ಹಾಗೆ" ಎಂದಳು. "ಧಣಿಗೆ ಒಳ್ಳೇದು. ಕೆಲಸದವರೇ ಬೋಟು ಕದ್ದೊಯ್ದರು ಅಂತಾಗ್ತದೆ. ಜಾಮೀನು ಕಟ್ಟುದು ಬೇಡ. ಇನ್ನೊಂದು ಬೋಟಿನ ಲೈಸೆನ್ಸು ಉಳೀತದೆ. ಅದು ನಾಳೆ ಮತ್ತೆ ಹೋಗ್ತದೆ."

"ಜಾಮೀನು ಯಾರು ಕಟ್ಬೇಕು?" ಎಂದಳು ಚಿಕ್ಕತಾಯಿ.

"ಧಣಿ."

"ಧಣಿ ಕಟ್ಟದೇ ಇದ್ರೆ?"

ಮೋನಿಷಾ ಹಾಳೆಯನ್ನು ನೋಡಿದಳು. "ಅದು ಇದ್ರಲ್ಲಿ ಬರೀಲಿಲ್ಲ ಅಕ್ಕ."

ಆಚೆ ಒಣಮೀನಿನವನು ಸೇರಿನಲ್ಲಿ ಕಡ್ಡಿಯಷ್ಟು ಸಣ್ಣ ಮೀನು ಅಳೆಯುತ್ತಿದ್ದ.

"ವೈರ್ ಕಿತ್ತೋನು ನಾನೇ ಕಣವ್ವ" ಎಂದ ಸಿದ್ದರಾಜು. "ಸಾಹುಕಾರ್ರು ಹೇಳುದ್ರು, ನಿಮ್ಮಪ್ಪ ಹೇಳುದ್ರು, ನಾನು ಕಿತ್ತೆ. ಆ ಬಲೆ ಎಳ್ದಿದ್ದೂ ನಾನೇ. ಆ ಜನದ್ದು ತಪ್ಪಿಲ್ಲ. ನಾವು ಅವ್ರ ಕಡ್ಲು ಬಾಚಕ್ಕೇ ಹೋಗಿದ್ದು."

"ಅಪ್ಪನೂ ಹಾಗೇ ಹೇಳಿದ್ರು ಕೋರ್ಟಲ್ಲಿ" ಎಂದಳು ಮೋನಿಷಾ. "ಮೀನು ಹಿಡಿದದ್ದು ಹೌದು ಅಂತ. ಎಲ್ಲಿ ಹಿಡಿದದ್ದು, ಯಾರು ಹೇಳಿ ಹಿಡಿದದ್ದು, ಅದನ್ನೂ ಬರ್ಕೊಳ್ಳಿ ಅಂತ. ಅವರು ಮೊದಲನೇದು ಮಾತ್ರ ಬರ್ಕೊಂಡ್ರು."

ಬಂಗಲೆಯ ಜಗಲಿ ನೆಲದಿಂದ ಐದು ಮೆಟ್ಟಿಲು ಮೇಲೆ. ಲೈನಿನವರು ಮೆಟ್ಟಿಲ ಕೆಳಗೆ ನಿಲ್ಲುವುದು. ಆ ದಿನ ಸಾಹುಕಾರರು ಸಿದ್ದರಾಜುವನ್ನು ಮೇಲೆ ಕರೆದರು. ಚಿಕ್ಕತಾಯಿ ಕೆಳಗೇ ನಿಂತಳು. ಕಾಫಿ ಬಂತು. ಸಾಹುಕಾರರಿಗೂ ಲಾಯರಿಗೂ ಪಿಂಗಾಣಿ ಬಟ್ಟಲಲ್ಲಿ. ಸಿದ್ದರಾಜುವಿಗೆ ಕಾಗದದ ಲೋಟದಲ್ಲಿ. ಅವನೇ ಕಿತ್ತ ಕಾಫಿ.

"ಕೈ ಹೇಗಿದೆಯೋ?" ಎಂದರು ಸಾಹುಕಾರರು. ದನಿ ಮೆತ್ತಗಿತ್ತು. ಅವರು ಯಾವತ್ತೂ ದನಿ ಎತ್ತಿದವರಲ್ಲ.

"ಅಂಗೇ ಐತೆ."

"ನಿನಗೆ ಏನಾದ್ರೂ ಮಾಡಣ. ಸ್ಟೋರಲ್ಲಿ ಕೂತ್ಕೊಂಡು ಮಾಡೋ ಕೆಲಸ ಕೊಡ್ತೀನಿ. ಸಹಿ ಹಾಕು."

"ಇದ್ರಲ್ಲಿ ಒಂಬತ್ತು ಅಂತ ಐತೆ. ಅದು ಇಪ್ಪತ್ತೊಂದು ಸಾರ್."

ಲಾಯರು ಕನ್ನಡಕದ ಮೇಲಿಂದ ನೋಡಿದ. "ನೀನೇನು ಕಡಲಲ್ಲಿ ಟೇಪು ಹಿಡಿದು ಅಳೆದ್ಯಾ?"

"ಅಳೀಲಿಲ್ಲ. ಓದ್ದೆ. ಅಂಕಿ ಬತ್ತದೆ ನಂಗೆ."

"ಸರಿ, ಇಪ್ಪತ್ತೊಂದೇ ಇರ್ಲಿ" ಎಂದರು ಸಾಹುಕಾರರು. "ಎಷ್ಟಿದ್ರೆ ನಿನಗೇನು? ನೀನು ಬಂದಾಗಿದೆ."

"ಮಾದ ಬಂದಿಲ್ಲ."

"ನೋಡು ಸಿದ್ದರಾಜು. ಪೆಟ್ಟಿಗೆ ವೈರ್ ಕಿತ್ತವನು ನೀನು ಅಂತ ಶೀನ ಅವತ್ತೇ ಫೋನಲ್ಲಿ ಹೇಳಿದ್ದಾನೆ, ನಂಗೆ ಗೊತ್ತು. ಬೇರೆಯವರಿಗೆ ಗೊತ್ತಿಲ್ಲ. ಗೊತ್ತಾದ್ರೆ ಇಲ್ಲೇ ನಿನ್ನ ಮೇಲೆ ಕೇಸು. ಒಂದು ಜೈಲಿಂದ ಬಂದು ಇನ್ನೊಂದಕ್ಕೆ ಹೋಗ್ತೀಯ. ಸಹಿ ಹಾಕಿದ್ರೆ ಆ ಮಾತು ಈ ಜಗಲಿ ದಾಟಲ್ಲ."

ಸಿದ್ದರಾಜುವಿಗೆ ಜೈಲಿನ ನೆಲದ ತಂಪು ನೆನಪಾಯಿತು. ಗಾಯಕ್ಕೆ ಹುಳು ಬಿದ್ದಾಗ ಮಾದ ಬೆಂಕಿಕಡ್ಡಿಯ ತುದಿಯಿಂದ ಅದನ್ನು ಒಂದೊಂದೇ ತೆಗೆದದ್ದು ನೆನಪಾಯಿತು. ಆ ಕಾಗದದಲ್ಲಿ ಮಾದನ ಹೆಸರಿರಲಿಲ್ಲ. ಕಲಾಸಿಗಳು ಎಂದಿತ್ತು.

"ಹಾಕಲ್ಲ" ಎಂದ.

"ಯೋಚ್ನೆ ಮಾಡಿ ಮಾತಾಡು."

"ಮಾಡ್ದೆ. ಹಾಕಲ್ಲ. ವೈರ್ ಕಿತ್ತೋನು ನಾನೇ. ಅದ್ನ ನಾನೇ ಹೇಳ್ತೀನಿ. ಕೀಳು ಅಂದೋರು ಯಾರು ಅಂತಾನೂ ಹೇಳ್ತೀನಿ."

ಸಾಹುಕಾರರು ಪ್ರಸಾದನ ಕಡೆ ನೋಡಿದರು. ಅಷ್ಟೇ. ಪ್ರಸಾದ್ ಶಾಯಿಯ ಡಬ್ಬಿ ಬಿಚ್ಚಿದ. ಸಿದ್ದರಾಜುವಿನ ಬಲ ಮಣಿಕಟ್ಟು ಹಿಡಿದು ಮೇಜಿಗೆ ಒತ್ತಿದ. "ಹೆಬ್ಬೆಟ್ಟೇ ಒತ್ತು, ಸಾಕು" ಎಂದ. ಒಣಗದ ಗಾಯ ಮೇಜಿನ ಅಂಚಿಗೆ ತಾಗಿ ಕಣ್ಣು ಕತ್ತಲೆ ಬಂತು. ಸಿದ್ದರಾಜು ಕೂಗಲಿಲ್ಲ. ಹೆಬ್ಬೆರಳನ್ನು ಒಳಗಿಟ್ಟು ಉಳಿದೆರಡು ಬೆರಳನ್ನು ಅದರ ಮೇಲೆ ಮಡಿಚಿದ. ಪ್ರಸಾದ್ ಬಿಡಿಸಲು ನೋಡಿದ. ಆಗಲಿಲ್ಲ. ಲಾಯರು ಬೇರೆ ಕಡೆ ಮುಖ ತಿರುಗಿಸಿ ಕಾಫಿ ಕುಡಿಯುತ್ತಿದ್ದ.

ಚಿಕ್ಕತಾಯಿ ಮೆಟ್ಟಿಲು ಹತ್ತಿ ಬಂದಳು. ತೋಟದ ಕೆಮ್ಮಣ್ಣು ಮೆತ್ತಿದ ಕಾಲು. ಐದು ಮೆಟ್ಟಿಲ ಮೇಲೂ ಅದರ ಗುರುತು ಬಿತ್ತು. ಲೈನಿನ ಹೆಂಗಸು ಆ ಜಗಲಿಗೆ ಹತ್ತುವುದಿದ್ದರೆ ನೆಲ ಒರೆಸಲು ಮಾತ್ರ. ಅವಳು ಪ್ರಸಾದನ ಎದುರು ನಿಂತು, "ಬುಡಿ ಅವ್ರ ಕೈಯ" ಎಂದಳು.

ಪ್ರಸಾದ್ ಸಾಹುಕಾರರ ಮುಖ ನೋಡಿದ. ಕೈ ಬಿಟ್ಟ.

"ಸೋಮವಾರ ಮನೆ ಖಾಲಿ ಮಾಡ್ಸು" ಎಂದರು ಸಾಹುಕಾರರು. ಆಗಲೂ ದನಿ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆಯೇ ಕರೆಂಟು ಕಿತ್ತರು. ಸೋಮವಾರ ಸಾಮಾನು ಹೊರಗಿಟ್ಟರು. ಇಟ್ಟವರು ಲೈನಿನವರೇ. ಅವರಿಗೂ ಮನೆ ಬೇಕಲ್ಲ. ಯಾರೂ ಮುಖ ಕೊಟ್ಟು ಮಾತಾಡಲಿಲ್ಲ. ನಾಲ್ಕು ಪಾತ್ರೆ, ಎರಡು ಕಂಬಳಿ, ಅಪ್ಪನ ಕಾಲದ ಒಂದು ಟ್ರಂಕು. ಬೀಗ ಹಾಕುವಾಗ ಸಿದ್ದಮ್ಮ ತನ್ನ ಬಾಗಿಲಲ್ಲಿ ನಿಂತಿದ್ದಳು.

"ನನ್ನ ಮಗನ್ನ ಅಲ್ಲೇ ಸಾಯಕ್ಕೆ ಬುಟ್ಟೆ" ಎಂದಳು.

ಸಿದ್ದರಾಜುವಿಗೆ ಹೇಳಲು ಬಹಳ ಇತ್ತು. ಒಂಬತ್ತು, ಇಪ್ಪತ್ತೊಂದು, ಹನ್ನೆರಡು. ಎಲ್ಲವೂ ಅಂಕಿ. ಅವನು ಟ್ರಂಕು ಹೊತ್ತು ನಡೆದ.

ಕುಶಾಲನಗರದ ಹೊರಗೆ ಚಿಕ್ಕತಾಯಿಯ ಅಕ್ಕನ ಮನೆ. ಮನೆಯ ಹಿಂದೆ ಸೌದೆ ಪೇರಿಸುವ ತಗಡಿನ ಶೆಡ್ಡು. ಸೌದೆಯನ್ನು ಒಂದು ಮೂಲೆಗೆ ಸರಿಸಿ ಅಲ್ಲೇ ಉಳಿದರು. ಚಿಕ್ಕತಾಯಿ ಇಟ್ಟಿಗೆ ಹೊರಲು ಹೋದಳು. ಸಿದ್ದರಾಜುವಿನ ಕೈ ನೋಡಿದ ಮೇಸ್ತ್ರಿ ಬೇಡವೆಂದ. ಎರಡನೇ ಮೇಸ್ತ್ರಿಯೂ ಬೇಡವೆಂದ. ಮೂರನೆಯವನು ನೀರು ಹಾಕುವ ಕೆಲಸ ಕೊಟ್ಟ.

ಅದೇ ವಾರ ಮೋನಿಷಾ ಮತ್ತೆ ಬಂದಳು. ತಾಲ್ಲೂಕು ಕಚೇರಿಯ ಹೊರಗೆ ಕೂರುವ ಟೈಪಿಸ್ಟ್ ಗಂಗಣ್ಣನ ಮುಂದೆ ಸಿದ್ದರಾಜು ಮೊದಲಿಂದ ಹೇಳಿದ, ಸಾಹುಕಾರರ ಹೆಸರನ್ನು ಮೋನಿಷಾ ಬರೆಸಿದಳು. ಗಂಗಣ್ಣ ನಡುವೆ ಕೈ ನಿಲ್ಲಿಸಿದ.

"ಇದೇನು ದೂರೋ, ತಪ್ಪೊಪ್ಪಿಗೆಯೋ? ಮೇಲೆ ಏನಂತ ಹಾಕ್ಲಿ?"

"ಎರಡೂ ಹಾಕಿ" ಎಂದ ಸಿದ್ದರಾಜು.

"ಎರಡೂ ಹಾಕಕ್ಕಾಗಲ್ಲಪ್ಪ. ಒಂದು ಹೇಳು."

"ಎರಡೂ ಮಾಡಿದ್ದಾಗ ಒಂದೇ ಹೆಂಗೆ ಹೇಳ್ಲಿ?"

ಗಂಗಣ್ಣ ಮೇಲೆ 'ಹೇಳಿಕೆ' ಎಂದು ಹೊಡೆದ.

ಆ ಹೇಳಿಕೆ ಸಂಘದ ವಕೀಲರ ಕೈ ಸೇರಿ ದ್ವೀಪದ ಕೋರ್ಟಿಗೆ ಹೋಯಿತು, ಒಂದು ಪ್ರತಿ ಇಲ್ಲಿನ ಮೀನುಗಾರಿಕೆ ಇಲಾಖೆಗೂ ಹೋಯಿತು. ಒಂದು ತಿಂಗಳಾದ ಮೇಲೆ ಮೋನಿಷಾ ಫೋನು ಮಾಡಿದಳು. ಕೋರ್ಟು ಅದನ್ನು ತೆಗೆದುಕೊಂಡಿದೆ, ಕಾವಲು ಹಡಗಿನವರ ಲೆಕ್ಕವನ್ನು ಇನ್ನೊಮ್ಮೆ ನೋಡುತ್ತಾರಂತೆ, ಮುಂದಿನ ತಾರೀಕು ಎರಡು ತಿಂಗಳ ಮೇಲೆ. ಅಲ್ಲಿಯವರೆಗೆ ಏಳು ಜನ ಒಳಗೇ. "ಅಪ್ಪನಿಗೆ ಉಬ್ಬಸ ಜಾಸ್ತಿ ಆಗಿದ್ಯಂತೆ" ಎಂದಳು. ಫೋನು ಇಡಲಿಲ್ಲ.

ಇಲ್ಲಿ ಮೊದಲ ನೋಟಿಸು ಬಂದದ್ದು ಸಿದ್ದರಾಜುವಿನ ಹೆಸರಿಗೆ. ಕರಾವಳಿಯಿಂದ ವಿಚಾರಣೆಗೆ ಬಂದ ಆ ಇಲಾಖೆಯ ಅಧಿಕಾರಿ ಕುಶಾಲನಗರದ ಪ್ರವಾಸಿ ಬಂಗಲೆಯಲ್ಲಿ ಇಳಿದಿದ್ದ. ಹೇಳಿಕೆಯ ನಕಲು ಅವನ ಮುಂದಿತ್ತು. ಕೆಲವು ಸಾಲುಗಳ ಕೆಳಗೆ ಕೆಂಪು ಗೆರೆ ಎಳೆದಿದ್ದ. ವೈರ್ ಕಿತ್ತದ್ದು ನಾನು. ಬಲೆ ಎಳೆದದ್ದು ನಾನು.

"ಒಪ್ಕೊಂಡಿದ್ದೀಯ. ಒಳ್ಳೇದಾಯ್ತು" ಎಂದ ಅಧಿಕಾರಿ. ಒಂದು ಹಾಳೆ ತುಂಬಿಸಿ ತಳ್ಳಿದ. "ಇಲ್ಲಿ ಸಹಿ ಹಾಕು."

ಸಿದ್ದರಾಜು ಹಾಳೆ ಓದಿದ. ತನ್ನ ಹೆಸರಿತ್ತು. ಶೀನ ಖಾರ್ವಿಯ ಹೆಸರಿತ್ತು. ಮಾದ ಮತ್ತು ಇತರರು ಎಂದಿತ್ತು.

"ಹೇಳ್ದೋರ ಹೆಸ್ರು ಇಲ್ಲ ಸಾರ್ ಇದ್ರಲ್ಲಿ."

"ನಿನ್ನ ಕೇಸಿಗೆ ನಿನ್ನ ಹೆಸರು ಸಾಕು."

"ಸಾಲಲ್ಲ."

"ಮಾಲೀಕರು ಫೋನಲ್ಲಿ ಹೇಳಿದ್ರು ಅಂತೀಯ. ಕೇಳಿದ್ದು ತಾಂಡೇಲ, ಅವನು ಪರದೇಶದ ಜೈಲಲ್ಲಿದ್ದಾನೆ. ಸಾಕ್ಷಿ ಏನು? ಸಹಿ ಹಾಕಿ ಹೊರಡು."

ಸಿದ್ದರಾಜು ಪೆನ್ನು ಮುಟ್ಟಲಿಲ್ಲ. ಹೊರಡಲೂ ಇಲ್ಲ. ಅಧಿಕಾರಿ ಬೇರೆ ಕಡತ ಬಿಚ್ಚಿದ. ಊಟಕ್ಕೆ ಎದ್ದು ಹೋದ. ಬಂದ. ಸಿದ್ದರಾಜು ಮೇಜಿನ ಮುಂದೆ ಹಾಗೇ ನಿಂತಿದ್ದ.

ಹೊರಗೆ ಚಿಕ್ಕತಾಯಿಯ ದನಿ ಕೇಳಿಸಿತು. ಜೊತೆಗೆ ಇನ್ನೊಂದು ದನಿ. ಬಾಗಿಲು ದೂಡಿಕೊಂಡು ಬಂದವಳು ಸಿದ್ದಮ್ಮ. ಕೈಯಲ್ಲಿ ಬಟ್ಟೆಯ ಗಂಟು. ಶನಿವಾರಸಂತೆಯಿಂದ ಬಸ್ಸು ಹಿಡಿದು, ಕೇಳಿ ಕೇಳಿ ಶೆಡ್ಡಿಗೆ ಬಂದು, ಅಲ್ಲಿಂದ ಇಲ್ಲಿಗೆ ಬಂದಿದ್ದಳು. ಅವಳು ಸಿದ್ದರಾಜುವಿನ ಕಡೆ ನೋಡಲಿಲ್ಲ. ಅಧಿಕಾರಿಗೇ ಹೇಳಿದಳು.

"ನಾನು ಮಾದನ ತಾಯಿ ಸ್ವಾಮಿ. ನೆನ್ನೆ ನಂಗೂ ಒಂದು ಕಾಗದ ತಂದಿದ್ರು, ಹೆಬ್ಬೆಟ್ಟು ಒತ್ತು ಅಂತ. ಅಂಗನವಾಡಿ ಟೀಚರಮ್ಮನ ಕೈಲಿ ಓದುಸ್ದೆ. ನನ್ನ ಮಗ ಬೋಟ್ ಕದ್ಕಂಡು ಹೋದ, ಮೊದ್ಲಿಂದ್ಲೂ ಕಳ್ಳ ಅಂತ ಬರ್ದಿತ್ತು. ಅವ್ನು ಕಡ್ಲು ಎತ್ತಾಗೈತೆ ಅಂತ ಗೊತ್ತಿಲ್ದೋನು. ಮನೆ ಉಳಿಸ್ಕಬೇಕಂದ್ರೆ ಹೋಗು ಅಂತ ಸಾಹುಕಾರ್ರ ರೈಟರು ನಮ್ಮ ಬಾಗ್ಲಿಗೆ ಬಂದು ಹೇಳುದ್ರು. ನಾನು ಅಲ್ಲೇ ಇದ್ದೆ. ನನ್ನ ಕಿವಿಲಿ ಕೇಳಿವ್ನಿ. ಬರ್ಕಳ್ಳಿ."

"ನಿನ್ನನ್ನ ಯಾರು ಕರೆದ್ರು ಇಲ್ಲಿಗೆ?"

"ಯಾರೂ ಕರೀಲಿಲ್ಲ. ಮನೆ ಬುಟ್ಟೇ ಬಂದಿವ್ನಿ. ಇನ್ನು ಹೋಗಕ್ಕೆ ಜಾಗ ಇಲ್ಲ. ಬರ್ಕಳ್ಳಗಂಟ ಇಲ್ಲೇ ಇರ್ತೀನಿ." ಅವಳು ಗಂಟನ್ನು ನೆಲಕ್ಕಿಟ್ಟು ಅದರ ಪಕ್ಕ ಕೂತಳು.

ಅಧಿಕಾರಿ ಇಬ್ಬರನ್ನೂ ನೋಡಿದ. ಗಡಿಯಾರ ನೋಡಿದ.

"ಇದನ್ನ ಬರೆದ್ರೂ ನಿನ್ನ ಮೇಲಿನ ಕೇಸು ಹಾಗೇ ಇರುತ್ತೆ. ತಿಳೀತಾ?" ಎಂದ ಸಿದ್ದರಾಜುವಿಗೆ.

"ಇರ್ಲಿ."

"ಅವರ ಮೇಲೆ ಏನಾದ್ರೂ ಆಗುತ್ತೆ ಅಂತಾನೂ ಅಲ್ಲ."

"ಬರೀರಿ ಸಾರ್."

ಅಧಿಕಾರಿ ಹೊಸ ಹಾಳೆ ಎಳೆದುಕೊಂಡ. ಪೆನ್ನಿನ ಮುಚ್ಚಳ ತೆಗೆದ.

"ಮಾಲೀಕರ ಹೆಸರು ಹೇಳು."

ಸಿದ್ದರಾಜುವಿನ ಬಾಯಿಗೆ ಮೊದಲು ಬಂದದ್ದು ಸಾಹುಕಾರ್ರು ಎಂಬ ಮಾತು. ಅಜ್ಜ ಹಾಗೇ ಕರೆದಿದ್ದ, ಅಪ್ಪ ಹಾಗೇ ಕರೆದಿದ್ದ. ಅವನು ಅದನ್ನು ನುಂಗಿದ.

"ಅನಿಲ್‌ಕುಮಾರ್" ಎಂದ.

ಆ ತೋಟದಲ್ಲಿ ಹುಟ್ಟಿ ಮೂವತ್ತೆರಡು ವರ್ಷ ದುಡಿದು ತಿಂದವನು, ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಇನ್ನೊಂದ್ಸಲ ಹೇಳು" ಎಂದ ಅಧಿಕಾರಿ, ಬರೆಯುತ್ತ.